ನಿರುದ್ಯೋಗ ಭತ್ಯೆಗೆ ಒಂದು ಚಿಪ್ಪು ಬಾಳೆಹಣ್ಣು

ನನ್ನ ಗಂಡ ತೀರಿಕೊಂಡ ಮೇಲೆ ಸೇರಿದ್ದ ಸಭೆಯಲ್ಲಿ ಎದ್ದು ನಿಂತವರೆಲ್ಲ ಒಂದೇ ಮಾತು ಹೇಳಿದರು: ‘ಕೊಡುಗೈ ಮನುಷ್ಯ. ಯಾರಿಂದಲೂ ಏನೂ ತೆಗೆದುಕೊಂಡವರಲ್ಲ.’ ನಾನು ತಲೆ ತಗ್ಗಿಸಿ ಕೂತಿದ್ದೆ. ಅಳುತ್ತಿದ್ದೇನೆಂದು ಪಕ್ಕದವರು ಬೆನ್ನು ಸವರಿದರು. ನಾನು ನಗು ತಡೆದುಕೊಳ್ಳುತ್ತಿದ್ದೆ. ಡಾಟ್‌ಕಾಮ್ ಕಂಪನಿಗಳು ಸಾಲಾಗಿ ಬಾಗಿಲು ಹಾಕಿದ ವರ್ಷ ಈ ಕರ್ಣ ಮಹಾರಾಜರು ಕ್ಯಾಲಿಫೋರ್ನಿಯಾ ಸರ್ಕಾರದಿಂದ ನಿರುದ್ಯೋಗ ಭತ್ಯೆ ತೆಗೆದುಕೊಂಡಿದ್ದರು. ಅವರನ್ನು ಅದಕ್ಕೆ ಒಪ್ಪಿಸಲು ನಾನು ಬ್ರಿಟನ್ನಿನ ಇತಿಹಾಸ ಓದಬೇಕಾಯಿತು.

ಆಗ ನಾವು ಕ್ಯಾಲಿಫೋರ್ನಿಯಾದ ಡಬ್ಲಿನ್‌ನಲ್ಲಿ ಬಾಡಿಗೆಯ ಅಪಾರ್ಟ್‌ಮೆಂಟಿನಲ್ಲಿದ್ದೆವು. ನಾನು ಹಾಸನದಲ್ಲಿ ಪಿಯುಸಿ ಮುಗಿಸಿ ಮದುವೆಯಾದವಳು. ಮಗಳು ಶಾಲೆಗೆ ಹೋಗತೊಡಗಿದ ಮೇಲೆ ಕಮ್ಯುನಿಟಿ ಕಾಲೇಜಿಗೆ ಸೇರಿದೆ. ನನಗೆ ಹೊಂದುವ ಹೊತ್ತಿನಲ್ಲಿ ಜಾಗ ಉಳಿದಿದ್ದ ತರಗತಿ ಇತಿಹಾಸದ್ದು ಮಾತ್ರ. ಟೀಚರ್ ಪ್ರಬಂಧ ಕೊಟ್ಟರು: ಇಪ್ಪತ್ತನೇ ಶತಮಾನದ ಆರಂಭದಲ್ಲಿ ಬ್ರಿಟನ್ ಸರ್ಕಾರ ತಂದ ಕಲ್ಯಾಣ ಸುಧಾರಣೆಗಳು ಬಡತನವನ್ನು ಎಷ್ಟರ ಮಟ್ಟಿಗೆ ಕಡಿಮೆ ಮಾಡಿದವು? ಅದೇ ವಾರ ನನ್ನ ಗಂಡನ ಕಂಪನಿ ಎಲ್ಲರನ್ನೂ ಮನೆಗೆ ಕಳಿಸಿತು.

ಗ್ರೀನ್ ಕಾರ್ಡ್ ಬಂದಿತ್ತು, ಭತ್ಯೆ ಕೇಳುವ ಹಕ್ಕಿತ್ತು. ಒಂದು ಫೋನ್ ಮಾಡಿದರೆ ಸಾಕು.

‘ನಮ್ಮಪ್ಪ ಮಂಡ್ಯದಲ್ಲಿ ಯಾರ ಮುಂದೂ ಕೈಚಾಚಿದೋರಲ್ಲ ಕಣೇ,’ ಎಂದರು.

‘ನಿಮ್ಮಪ್ಪ ಮಂಡ್ಯದಲ್ಲಿ ಸ್ವಂತ ಮನೇಲಿದ್ರು ರೀ. ಇಲ್ಲಿ ಬಂದು ಬಾಡಿಗೆ ಕಟ್ಟಿದ್ರೆ ಎರಡೂ ಕೈ ಚಾಚ್ತಿದ್ರು.’

ಅವರು ಪೇಪರು ಬಿಡಿಸಿ ಮುಖಕ್ಕೆ ಅಡ್ಡ ಹಿಡಿದರು. ನಾನು ಊಟದ ಮೇಜಿನ ಮೇಲೆ ಪುಸ್ತಕ ಹರಡಿಕೊಂಡು ಜೋರಾಗಿ ಓದತೊಡಗಿದೆ. ಓದಿದಷ್ಟೂ ಆ ಬ್ರಿಟನ್ ಸರ್ಕಾರ ನಮ್ಮ ಕಡೆಯ ಜಿಪುಣ ಸೋದರಮಾವನಂತೆ ಕಂಡಿತು. ಕೊಡುತ್ತಾನೆ, ಆದರೆ ಕೊಡುವ ಮುಂಚೆ ನಮ್ಮ ನಡತೆ ವಿಚಾರಿಸುತ್ತಾನೆ. ಮುದುಕರಿಗೆ ಪಿಂಚಣಿ ಉಂಟು, ಎಪ್ಪತ್ತು ತುಂಬಿರಬೇಕು. ಗಣಿಯಲ್ಲೋ ಗಿರಣಿಯಲ್ಲೋ ದುಡಿದ ಎಷ್ಟೋ ಜನ ಅಲ್ಲಿಯವರೆಗೆ ಬದುಕುತ್ತಲೇ ಇರಲಿಲ್ಲ. ಇದಕ್ಕೆ ನನ್ನ ಗಂಡನ ಪೇಪರು ಕೆಳಗಿಳಿಯಿತು.

‘ಸತ್ತೋನನ್ನ ಅವನ ತಿಥಿಗೇ ಊಟಕ್ಕೆ ಕರೆದಂಗಾಯ್ತು!’

‘ಕಾಯಿಲೆ ಬಿದ್ರೆ ಡಾಕ್ಟರು ಬರ್ತಾನೆ. ದುಡಿಯೋ ಗಂಡಸಿಗೆ ಮಾತ್ರ. ಹೆಂಡ್ತಿ ಮಕ್ಕಳಿಗೆ ಇಲ್ಲ.’

‘ಅವರಿಗೆ ಕಷಾಯ,’ ಎಂದರು ಅವರು, ಖುಷಿಯಿಂದ.

ಆದರೆ ಪುಸ್ತಕದಲ್ಲಿ ಇನ್ನೊಂದು ಮಾತೂ ಇತ್ತು. ಅದಕ್ಕೂ ಮೊದಲು ಗತಿಯಿಲ್ಲದ ಮುದುಕರಿಗೆ ಅನಾಥಾಲಯದಂಥ ‘ಬಡವರ ಮನೆ’ಗೆ ಸೇರಬೇಕಾದೀತೆಂಬ ಭಯವಿತ್ತು. ಈ ಹೊಸ ಪಿಂಚಣಿಯನ್ನು ಅಂಚೆ ಕಚೇರಿಯಲ್ಲಿ ಕೊಟ್ಟರು. ಸ್ಟಾಂಪು ಕೊಳ್ಳುವವರ ಸಾಲಿನಲ್ಲೇ ನಿಂತು ತೆಗೆದುಕೊಳ್ಳಬಹುದಿತ್ತು. ಕೆಲಸ ಹೋದವರ ಭತ್ಯೆಯೂ ದಾನವಲ್ಲ, ವಿಮೆ. ಕೆಲವೇ ಕಸುಬಿನವರಿಗೆ ಇದ್ದರೂ ಅವರೂ ಅವರ ಮಾಲೀಕರೂ ಅದಕ್ಕೆ ಕಟ್ಟಿದ್ದರು.

‘ನಿಮ್ಮ ಕಂಪನೀನೂ ನಿಮ್ಮಂಥೋರ ಲೆಕ್ಕಕ್ಕೇ ಕಟ್ಟಿದೆ. ಇದೂ ವಿಮೆ ರೀ. ಕಾರಿಗೆ ಗುದ್ದಿದಾಗ ತಗೊಂಡ್ರಲ್ಲ, ಆಗ ನಿಮ್ಮಪ್ಪ ನೆನಪಾಗಲಿಲ್ವಾ?’

ಅವರು ಎದ್ದು ಹೋದರು. ಕೊನೆಗೆ ಅವರಿಂದ ಫೋನ್ ಮಾಡಿಸಿದ್ದು ಮಗಳು. ಊಟದ ನಡುವೆ ತಲೆ ಎತ್ತಿ ಆಸೆಯಿಂದ ಕೇಳಿದಳು: ‘ಆರ್ ವಿ ಪೂರ್ ನೌ, ಅಪ್ಪಾ? ಹಾಗಾದ್ರೆ ನಂಗೆ ಸ್ಕೂಲ್ ಪಿಜ್ಜಾ ಫ್ರೀ ಸಿಗುತ್ತಾ?’

ಸ್ವಲ್ಪ ದಿನಕ್ಕೆ ಭತ್ಯೆಯ ಕಚೇರಿಗೆ ಖುದ್ದಾಗಿ ಬರಲು ಕರೆ ಬಂತು. ನನ್ನ ಗಂಡ ಇಸ್ತ್ರಿ ಮಾಡಿದ ಶರ್ಟು ಹಾಕಿಕೊಂಡರು. ದಾರಿಯಲ್ಲಿ ಗ್ರೋಸರಿ ಅಂಗಡಿಯ ಮುಂದೆ ಕಾರು ನಿಲ್ಲಿಸಿ, ದೊಡ್ಡ ಚಿಪ್ಪು ಬಾಳೆಹಣ್ಣು ತಂದರು.

‘ಇದ್ಯಾಕ್ರೀ?’

‘ಕೈಬೀಸ್ಕೊಂಡು ಹೋಗಕ್ಕಾಗುತ್ತೇನೇ?’

ಕೌಂಟರಿನ ಹೆಂಗಸು ಬಾಳೆಹಣ್ಣನ್ನು ಬಾಂಬಿನಂತೆ ನೋಡಿದರು. ಉಡುಗೊರೆ ತೆಗೆದುಕೊಳ್ಳುವಂತಿಲ್ಲ ಎಂದು ಇವರತ್ತ ಸರಿಸಿದರು. ಕೊಟ್ಟ ಹಣ್ಣನ್ನು ಹಿಂದಕ್ಕೆ ಪಡೆಯುವಂತಿಲ್ಲ ಎಂದು ನನ್ನ ಗಂಡ ಆಕೆಯತ್ತ ಸರಿಸಿದರು. ಹೀಗೆ ಮೂರ್ನಾಲ್ಕು ಸಲ ಓಡಾಡಿತು. ನಾನು ಗೋಡೆಯ ಮೇಲಿನ ಪ್ರಕಟಣೆಗಳನ್ನು ಭಕ್ತಿಯಿಂದ ಓದತೊಡಗಿದೆ. ಇವರು ಈಗ ತಿರುಗಿ ಹೊರಟೇಬಿಡುತ್ತಾರೆ, ಇಷ್ಟು ದಿನದ ಜಗಳ ಮಣ್ಣುಪಾಲು ಎಂದುಕೊಂಡೆ.

ಅಷ್ಟರಲ್ಲಿ ಸಾಲಿನಲ್ಲಿ ಹಿಂದೆ ನಿಂತಿದ್ದ, ಕತ್ತಿಗೆ ಇನ್ನೂ ಹಳೇ ಕಂಪನಿಯ ಗುರುತುಚೀಟಿಯ ದಾರ ನೇತುಹಾಕಿಕೊಂಡಿದ್ದ ಒಬ್ಬ ಬಿಳಿಯ, ‘ಯಾರಿಗೂ ಬೇಡದಿದ್ರೆ ನನಗೆ ಒಂದು ಕೊಡಿ, ತಿಂಡಿ ತಿಂದಿಲ್ಲ,’ ಎಂದ. ನನ್ನ ಗಂಡನ ಮುಖ ಅರಳಿತು. ಒಂದು ಹಣ್ಣು ಮುರಿದು ಕೊಟ್ಟರು. ಅವನ ಹಿಂದಿನವಳಿಗೂ ಕೊಟ್ಟರು. ‘ಬೇಡ ಅನ್ನಬಾರದು’ ಎಂದು ಇಂಗ್ಲಿಷಿನಲ್ಲಿ ಗದರಿಸುತ್ತ, ಮದುವೆ ಮನೆಯಲ್ಲಿ ಬಡಿಸುವವರಂತೆ ಸಾಲಿನ ಕೊನೆಯವರೆಗೂ ಹೋದರು. ಕೆಲಸ ಕಳೆದುಕೊಂಡವರೆಲ್ಲ ನಿಂತು ಬಾಳೆಹಣ್ಣು ತಿಂದರು. ಆಮೇಲೆ ಇವರು ಬರಿಗೈಯಲ್ಲಿ ಕೌಂಟರಿಗೆ ಬಂದು, ಎದೆಯುಬ್ಬಿಸಿ ಕೂತು, ಕೇಳಿದ್ದಕ್ಕೆಲ್ಲ ಉತ್ತರ ಹೇಳಿದರು. ಮೊದಲ ಚೆಕ್ಕು ಬಂದ ದಿನ ಬಾಯಿ ಮುಚ್ಚಿಕೊಂಡು ಬ್ಯಾಂಕಿಗೆ ಹಾಕಿ ಬಂದರು.

ಪ್ರಬಂಧದಲ್ಲಿ ನಾನು ಬರೆದದ್ದು ಇಷ್ಟೇ: ಆ ಸುಧಾರಣೆಗಳಿಂದ ಬಡತನ ಹೋಗಲಿಲ್ಲ, ಕೊಟ್ಟದ್ದು ಏನೇನೂ ಸಾಲುತ್ತಿರಲಿಲ್ಲ, ಬಹಳ ಜನರಿಗೆ ತಲುಪಲೇ ಇಲ್ಲ. ಆದರೆ ತಲುಪಿದವರಿಗೆ ತಲೆ ಎತ್ತಿ ತೆಗೆದುಕೊಳ್ಳುವ ಒಂದು ದಾರಿ ಸಿಕ್ಕಿತು, ನೆಮ್ಮದಿಯ ನಿದ್ದೆಗೆ ಅಷ್ಟಾದರೂ ಬೇಕು.

ಕೊನೆಯ ಸಾಲಿನ ಪಕ್ಕ ಟೀಚರ್ ಕೆಂಪು ಶಾಯಿಯಲ್ಲಿ ‘ಪುರಾವೆ?’ ಎಂದು ಬರೆದಿದ್ದರು. ಮನೆಗೆ ಬಂದು ನೋಡಿದೆ. ಪುರಾವೆ ಮಟಮಟ ಮಧ್ಯಾಹ್ನ ಸೋಫಾದ ಮೇಲೆ ಬಾಯಿ ತೆರೆದು ಗೊರಕೆ ಹೊಡೆಯುತ್ತಿತ್ತು. ಎಬ್ಬಿಸದೆ ಪಕ್ಕದಲ್ಲಿ ಕೂತೆ.