ಟಗರ ಮೀನಲ್ಲ, ತವರ ಮೀನು

ನಮ್ಮ ಕಾಲದಲ್ಲಿ ಹೀಗಿತ್ತು ಎಂದು ನಾನು ಬಾಯಿ ತೆರೆದರೆ ಸಾಕು, ನನ್ನ ಮಕ್ಕಳು ಮೊಬೈಲ್ ಎತ್ತಿಕೊಂಡು ಹೊರಗೆ ಹೋಗುತ್ತಾರೆ. ಹೋಗಲಿ. ನನ್ನ ಹಾಗೆ ಹೊಳೆದಂಡೆಯಲ್ಲಿ ಬೆಳೆದವರು, ಶಾಲೆಯಿಂದ ಅರ್ಧಕ್ಕೇ ಎದ್ದು ಬಂದವರು ಯಾರಾದರೂ ಇದ್ದರೆ ಅವರಿಗೆ ಹೇಳುತ್ತೇನೆ.

ಆಗ ನನಗೆ ಹನ್ನೊಂದು ವರ್ಷ. ನಾರಾಯಣಪುರದ ಕಟ್ಟೆಯ ಕೆಳಗೆ, ಕೃಷ್ಣೆಯ ದಂಡೆಯಲ್ಲಿ ನಮ್ಮ ಮನೆ. ಅಪ್ಪ ಬಲೆ ಬೀಸುತ್ತಿದ್ದ, ಅವ್ವ ಕೆಂಭಾವಿಯ ಸಂತೆಗೆ ಒಯ್ದು ಮಾರುತ್ತಿದ್ದಳು. ಮಳೆಗಾಲ ಮುಗಿದು ಗೇಟು ಮುಚ್ಚಿದರೆ ಹೊಳೆ ಇಳಿದು, ಬಂಡೆಗಳ ನಡುವೆ ಮಡುಗಳು ಉಳಿಯುತ್ತಿದ್ದವು. ನಮಗೆ ಅದೇ ಸುಗ್ಗಿ. ಮನೆ, ಹಾಸಿಗೆ, ನನ್ನ ಪಾಟಿಚೀಲ, ಎಲ್ಲಕ್ಕೂ ಮೀನಿನ ವಾಸನೆ. ಬಿಸಿ ಜೋಳದ ರೊಟ್ಟಿ, ಹುಣಸೆಹುಳಿ ಹಿಂಡಿ ಕೆಂಪಗೆ ಕುದಿಸಿದ ಮೀನಿನ ಸಾರು, ಬಾಯಿ ಉರಿದರೆ ಕಚ್ಚಿಕೊಳ್ಳಲು ಒಂದು ಉಳ್ಳಾಗಡ್ಡಿ. ಇಷ್ಟಿದ್ದರೆ ನಾವು ದೊರೆಗಳು.

ಅವ್ವ ನನಗೊಂದು ಆಟ ಕಲಿಸಿದ್ದಳು. ಸೆರಗಿನಿಂದ ನನ್ನ ಕಣ್ಣು ಕಟ್ಟಿ ಬುಟ್ಟಿಯೊಳಗೆ ಕೈ ಹಾಕಿಸುತ್ತಿದ್ದಳು. ಕೈಗೆ ಸಿಕ್ಕ ಮೀನಿನ ಹೆಸರು ಹೇಳಬೇಕು. ಬೆನ್ನಿನ ಮುಳ್ಳು ಎಲ್ಲಿಂದ ಶುರುವಾಗುತ್ತದೆ, ಹೊಟ್ಟೆಯ ಅಂಚು ಹರಿತವೋ ಮೊಂಡೋ, ಮೀಸೆ ಇದೆಯೋ ಇಲ್ಲವೋ, ಎಲ್ಲ ಬೆರಳಿಗೇ ತಿಳಿಯಬೇಕು. ತಪ್ಪು ಹೇಳಿದರೆ ಅದೇ ಮೀನಿನ ಬಾಲದಿಂದ ಕೆನ್ನೆಗೆ ಒಂದು ಏಟು. "ಕಣ್ಣ ಇದ್ದೋರು ಯಾರರ ಹೇಳ್ತಾರಲೇ, ನಿನ್ನ ಕೈಗಿ ಏನರ ಬುದ್ಧಿ ಐತ್ಯೋ ಇಲ್ಲೋ?" ಎಂದು ನಗುತ್ತಿದ್ದಳು. ದೀಪಾವಳಿಯ ಹೊತ್ತಿಗೆ ನಾನು ತಪ್ಪುವುದನ್ನೇ ಬಿಟ್ಟಿದ್ದೆ.

ಒಂದು ದಿನ ಕೈಗೆ ಉದ್ದನೆಯ, ಲೋಳೆಯ, ಹಗ್ಗದಂಥ ಮೈ ಸಿಕ್ಕಿತು. "ಹಾವಮೀನ" ಎಂದೆ. ಊರಿನವರೆಲ್ಲ ಹಾಗೇ ಅನ್ನುತ್ತಿದ್ದರು.

"ಅದು ಊರ ಮಂದಿ ಮಾತು," ಎಂದಳು ಅವ್ವ. "ನಮ್ಮ ಕಡಿ ಇದಕ್ಕ ತವರ ಮೀನ ಅಂತೀವಿ."

ಕಣ್ಣುಕಟ್ಟು ಬಿಚ್ಚಿಕೊಂಡು ಅವಳು ಅದನ್ನು ಕೊಯ್ಯುವುದನ್ನೇ ನೋಡುತ್ತ ಕೂತೆ. ಎಲ್ಲ ಮೀನಿನ ಹೊಟ್ಟೆಯಲ್ಲೂ ಒಂದಲ್ಲ ಒಂದು ಕಾಲಕ್ಕೆ ತತ್ತಿ ಸಿಗುತ್ತಿತ್ತು, ಇದರಲ್ಲಿ ಮಾತ್ರ ಎಂದೂ ಕಂಡಿರಲಿಲ್ಲ. "ಅವ್ವಾ, ಇದರ ಹೊಟ್ಯಾಗ ತತ್ತಿ ಯಾಕ ಇರಂಗಿಲ್ಲ?"

"ಚೊಚ್ಚಲ ಹೆರಗಿ ತವರಾಗ ಆಗಬೇಕಲ್ಲೋ? ಇದರ ತವರು ಸಮುದ್ರ. ಹೊಳಿ ಹಿಡದು ಇಳದು ಹೋಗಿ ಅಲ್ಲೇ ಹಡೀತೈತಿ. ಮರಿ ಅಷ್ಟ ತಿರುಗಿ ಮ್ಯಾಲ ಬರ್ತಾವ, ತಾಯಿ ಬರಂಗಿಲ್ಲ."

ಇದು ಕಟ್ಟುಕತೆ ಎಂದು ಯಾರಾದರೂ ನಕ್ಕೀರಿ. ಅವಳ ಅಜ್ಜಿ ಹೊಸ ನೀರು ಬಂದಾಗ ಬೆರಳುದ್ದದ ಮರಿಗಳು ಕೆಳಗಿನಿಂದ ಮೇಲಕ್ಕೆ, ಒದ್ದೆ ಬಂಡೆಯನ್ನು ಹೊಟ್ಟೆಯ ಮೇಲೆ ತೆವಳಿ ಹತ್ತುವುದನ್ನು ಕಂಡಿದ್ದಳು. ತಾಯಿ ಮಗಳು ಮೊಮ್ಮಗಳು, ಮೂರು ತಲೆಮಾರಿನ ಹೆಂಗಸರು ಈಳಿಗೆಯ ಮುಂದೆ ಕೂತು ಲೆಕ್ಕವಿಲ್ಲದಷ್ಟು ಹೊಟ್ಟೆ ಸೀಳಿ ನೋಡಿದ್ದರು. ಇಲ್ಲಿ ತತ್ತಿ ಇಲ್ಲ, ಮರಿ ಕೆಳಗಿನಿಂದ ಬರುತ್ತದೆ. ಅಂದ ಮೇಲೆ ಹುಟ್ಟುವುದು ಹೊಳೆ ಮುಗಿಯುವ ಕಡೆ. ಇದನ್ನು ಯೋಚನೆ ಅನ್ನದೆ ಇನ್ನೇನು ಅನ್ನಬೇಕು?

ಅವ್ವ ಅಂದು ಇನ್ನೊಂದು ಮಾತು ಹೇಳಿದಳು. ಅವಳು ಹುಟ್ಟಿದ ಊರು ಕಟ್ಟೆಯ ಹಿನ್ನೀರಿನಲ್ಲಿ ಮುಳುಗಿತ್ತು. ಆ ಹಿನ್ನೀರಿಗೆ ನಮ್ಮ ಕಡೆ ಸಾಗರ ಎಂದೇ ಹೆಸರು. ನಾನು ಅವಳ ಚೊಚ್ಚಲ ಮಗ. ಆದರೂ ನಾನು ಹುಟ್ಟಿದ್ದು ಗಂಡನ ಮನೆಯಲ್ಲಿ, ಹೋಗಲು ಅವಳಿಗೆ ತವರೇ ಉಳಿದಿರಲಿಲ್ಲ. "ಅದರ ತವರೂ ಸಾಗರದಾಗ, ನನ್ನ ತವರೂ ಸಾಗರದಾಗ," ಎಂದು ಈಳಿಗೆ ತೊಳೆದಿಟ್ಟಳು.

ಈ ಮಾತನ್ನು ಹೊತ್ತು ನಾನು ಶಾಲೆಗೆ ಹೋದೆ. ಹೋಗಬಾರದಿತ್ತು. ಮೀನುಗಳು ಎಲ್ಲಿ ಮೊಟ್ಟೆ ಇಡುತ್ತವೆ ಎಂದು ಮಾಸ್ತರರು ಕೇಳಿದರು. ನಾನು ಎದ್ದು ನಿಂತೆ.

"ಸರ್, ತವರ ಮೀನ ಇಲ್ಲಿ ತತ್ತಿ ಇಡಂಗಿಲ್ರಿ. ಹಡಿಯಾಕ ಸಮುದ್ರಕ್ಕ ಹೋಗ್ತೈತ್ರಿ."

ಮಾಸ್ತರರು ಕುರ್ಚಿಗೆ ಒರಗಿದರು. "ಹೌದೇನಪಾ? ಹೆಂಗ ಹೋಗ್ತೈತಿ? ಯಾದಗಿರಿ ತನಕ ಬಸ್ಸಿಗಿ ಹೋಗಿ ರೈಲ ಹತ್ತತೈತೇನು?"

ಇಡೀ ತರಗತಿ ನಕ್ಕಿತು. ಅವರಿಗೆ ರುಚಿ ಹತ್ತಿತು. "ಬಸುರಿ ಮೀನಿಗಿ ಕುಬಸ ಯಾರು ಮಾಡ್ತಾರ? ನಿಮ್ಮವ್ವೇನು?" ಆಮೇಲೆ ಬೆತ್ತ ತೆಗೆದುಕೊಂಡು, ಪಾಠದಲ್ಲಿ ಇಲ್ಲದ್ದನ್ನು ಹೇಳಿದ್ದಕ್ಕೆ ಅಂಗೈಗೆ ಎರಡು ಕೊಟ್ಟರು. ಬೆತ್ತದ ಉರಿ ಸಂಜೆಯ ಹೊತ್ತಿಗೆ ಆರಿತು. ಹುಡುಗರು ಮಾತ್ರ ಅಂದಿನಿಂದ ನನ್ನನ್ನು ಬಾಣಂತಿ ಎಂದು ಕರೆಯತೊಡಗಿದರು. "ಏ ಬಾಣಂತಿ, ತಲಿಗಿ ಬಟ್ಟಿ ಕಟ್ಟಕೋಳೋ, ಥಂಡಿ ಹತ್ತೀತು!" ನೀರಿಗೆ ಹೋದರೂ ಅದೇ, ಗೋಲಿ ಆಡಲು ಕೂತರೂ ಅದೇ. ಹನ್ನೊಂದು ವರ್ಷದ ಗಂಡುಹುಡುಗನಿಗೆ ಇದು ಎಂಥ ಹೆಸರು ಎಂಬುದು ನಿಮಗೆ ಗೊತ್ತು. ಮಾಸ್ತರರ ಮೇಲೆ ಬರಬೇಕಾದ ಸಿಟ್ಟು ನನಗೆ ಅವ್ವನ ಮೇಲೆ ಬಂತು. ಇಂಥ ಮಾತು ಯಾಕೆ ಹೇಳಿಕೊಟ್ಟಳು?

ಆಗಲೇ ಆ ಸಂಶೋಧಕರು ಬಂದದ್ದು. ಕರಾವಳಿ ಕಡೆಯವರು, ಕಟ್ಟೆಯ ಕ್ವಾರ್ಟರ್ಸಿನಲ್ಲಿ ಒಂದು ಕೋಣೆ ಹಿಡಿದಿದ್ದರು. ಸಮುದ್ರದ ಮೀನುಗಳ ಜಾತಿ, ಅವುಗಳ ಹುಟ್ಟು, ಗುರುತು, ಇದೇ ಅವರ ಓದು. ಸಮುದ್ರ ಬಿಟ್ಟು ಹೊಳೆ ಹತ್ತುವ ಮೀನುಗಳು ಎಷ್ಟು ದೂರ ಬರುತ್ತವೆ ಎಂದು ನೋಡಲು ಬಂದಿದ್ದರಂತೆ, ಅದು ನನಗೆ ತಿಳಿದದ್ದು ಆಮೇಲೆ. ನಮ್ಮ ಮನೆಯ ಮೀನು ಅವರಿಗೆ ಬೇಕು, ಅದನ್ನು ಒಯ್ದು ಕೊಡುವವನು ನಾನು. ಅವರು ನನಗೆ "ಬನ್ನಿ, ಕೂತ್ಕೊಳ್ಳಿ" ಎಂದರು. ಅಲ್ಲಿಯವರೆಗೆ ನನಗೆ ಯಾರೂ ಬನ್ನಿ ಎಂದಿರಲಿಲ್ಲ. ಆ ಒಂದು ಮಾತಿಗೆ ನಾನು ಅವರ ಆಳಾದೆ.

ಕೋಣೆಗೆ ಕಾಲಿಟ್ಟರೆ ಔಷಧದ ಘಾಟಿಗೆ ಕಣ್ಣು ಉರಿಯುತ್ತಿತ್ತು. ಗಾಜಿನ ಭರಣಿಗಳಲ್ಲಿ ಮೀನು ನಿಂತಿರುತ್ತಿದ್ದವು. ಸೂಜಿಯ ತುದಿಯಿಂದ ರೆಕ್ಕೆಯ ಕಡ್ಡಿ ಎಣಿಸುವುದು, ಭೂತಗನ್ನಡಿ ಹಿಡಿದು ಪಕ್ಕೆಯುದ್ದಕ್ಕೂ ಓಡುವ ಮೈಗೆರೆಯ ಹುರುಪೆ ಎಣಿಸುವುದು ಕಲಿಸಿದರು. ಎರಡೇ ದಿನಕ್ಕೆ ಅವರಿಗಿಂತ ಬೇಗ ಎಣಿಸತೊಡಗಿದೆ. "ನಿಮ್ಮ ಕೈ ಒಳ್ಳೇದುಂಟು ಮಾರಾಯ್ರೇ, ಯಾರು ಕಲಿಸಿದ್ದು?" ಎಂದರು. "ಯಾರೂ ಇಲ್ರಿ" ಎಂದೆ. ಮೊದಲ ಸುಳ್ಳು ಅದು.

ಒಂದು ಬೆಳಿಗ್ಗೆ ಅಪ್ಪನ ಗಾಳಕ್ಕೆ ತೋಳಿನಷ್ಟು ದಪ್ಪದ ತವರ ಮೀನು ಬಿತ್ತು. ನನ್ನೊಬ್ಬನಿಂದ ಹೊರಲಾಗದೆ ಅವ್ವ ಒದ್ದೆ ಗೋಣಿ ಮುಚ್ಚಿದ ಬುಟ್ಟಿಯನ್ನು ತಲೆಯ ಮೇಲೆ ಇಟ್ಟುಕೊಂಡು ಬಂದಳು. ಸಂಶೋಧಕರು ಮೀನನ್ನು ಕಂಡು ಮಗುವಿನಂತೆ ಕುಣಿದರು. ಅವ್ವನಿಗೆ ಹೇಳಿದ್ದು ಇಷ್ಟೇ: "ಅಮ್ಮಾ, ಬುಟ್ಟಿ ಅಲ್ಲಿ ಇಡಿ." ಆಮೇಲೆ ನನ್ನ ಕಡೆ ತಿರುಗಿದರು.

"ಇದು ಹಾವಲ್ಲ ಗೊತ್ತುಂಟಾ? ಕಿವಿರು ನೋಡಿ. ಕುತ್ತಿಗೆ ಹತ್ತಿರ ಸಣ್ಣ ರೆಕ್ಕೆ ನೋಡಿ. ಹೊಟ್ಟೆಯ ರೆಕ್ಕೆ ಮಾತ್ರ ಇಲ್ಲ. ಇದರ ಹಿರಿಯರಿಗೆ ಇತ್ತು, ಲಕ್ಷ ಲಕ್ಷ ವರ್ಷಗಳಲ್ಲಿ ಹೋಯಿತು. ಗುರುತು ಹಿಡಿಯುವಾಗ ಇರುವುದನ್ನು ಮಾತ್ರ ಅಲ್ಲ, ಇಲ್ಲದ್ದನ್ನೂ ನೋಡ್ಬೇಕು." ಹಾಗೆಂದು ಒಂದು ದಪ್ಪ ಕಾಗದದ ಚೀಟಿ, ಪೆನ್ಸಿಲ್ ಕೊಟ್ಟರು. "ನಿಮ್ಮ ಊರಲ್ಲಿ ಇದಕ್ಕೆ ಏನಂತಾರೆ? ನೀವೇ ಬರೀರಿ. ಪೆನ್ನು ಬೇಡ, ಶಾಯಿ ಈ ಔಷಧದಲ್ಲಿ ಕರಗ್ತದೆ. ಪೆನ್ಸಿಲಿನ ಬರಹ ನೂರು ವರ್ಷ ಆದರೂ ಹೋಗುದಿಲ್ಲ."

ಅವ್ವ ಬಾಗಿಲ ಬಳಿ ನಿಂತಿದ್ದಳು. ಅವಳ ಮುಖದಲ್ಲಿ ಸಣ್ಣ ನಗೆ ಇತ್ತು. ಮಗ ಬರೆಯುತ್ತಾನೆ, ತನ್ನ ಊರಿನ ಮಾತು ಗಾಜಿನೊಳಗೆ ಹೋಗುತ್ತದೆ.

ನನ್ನ ಕಿವಿಯಲ್ಲಿ ಮಾತ್ರ ಬಾಣಂತಿ, ಬಾಣಂತಿ ಎಂಬ ಕೂಗು. ನನಗೆ ಬನ್ನಿ ಎಂದ ಒಬ್ಬನೇ ಮನುಷ್ಯ ಇವರು. ಇವರೂ ನಕ್ಕರೆ?

"ಟಗರ ಮೀನ ಅಂತಾರ್ರಿ," ಎಂದೆ. "ತಲಿ ಟಗರಿನಂಗ ಐತಲ್ರಿ, ಅದಕ್ಕ."

"ಇದು ಎಲ್ಲಿಂದ ಬರ್ತದೆ ಅಂತ ನಿಮ್ಮವರು ಏನಾದ್ರೂ ಹೇಳ್ತಾರಾ?"

"ಇಲ್ರಿ. ಹೊಳ್ಯಾಗ ಇರ್ತೈತ್ರಿ, ಅಷ್ಟ."

ಚೀಟಿಯಲ್ಲಿ ದಪ್ಪ ಅಕ್ಷರದಲ್ಲಿ ಬರೆದೆ. ಟಗರ ಮೀನು. ಅವರು ಅದನ್ನು ಮೀನಿನ ಜೊತೆ ಭರಣಿಗೆ ಇಳಿಸಿ ಮುಚ್ಚಳ ತಿರುಗಿಸಿದರು. ತಿರುಗಿಸುತ್ತಲೇ ಹೇಳಿದರು: "ನಿಮಗೊಂದು ಆಶ್ಚರ್ಯ ಹೇಳ್ತೇನೆ. ಇದು ಹುಟ್ಟುವುದು ಸಮುದ್ರದಲ್ಲಿ. ಎಷ್ಟೋ ಕಾಲ ದೊಡ್ಡ ದೊಡ್ಡ ವಿದ್ವಾಂಸರು ಇಂಥ ಮೀನಿನ ಹೊಟ್ಟೆಯಲ್ಲಿ ಮೊಟ್ಟೆ ಹುಡುಕಿ ಸೋತರು. ಮೊಟ್ಟೆ ಇಡ್ಲಿಕ್ಕೆ ಇದು ವಾಪಸ್ ಸಮುದ್ರಕ್ಕೇ ಹೋಗ್ತದೆ, ಮತ್ತೆ ಬರುದಿಲ್ಲ. ಈಗ ದಾರಿಯಲ್ಲಿ ಕಟ್ಟೆಗಳು ಎಷ್ಟು! ಇದು ಆ ಕಟ್ಟೆಗಳು ಏಳುವ ಮೊದಲೇ ಬಂದ ಮುದಿ ಮೀನಿರಬೇಕು."

ಅವ್ವನ ಮಾತು, ಪದಕ್ಕೆ ಪದ, ಪ್ಯಾಂಟು ಹಾಕಿಕೊಂಡು ಅವ್ವನ ಮುಂದೆಯೇ ನಿಂತಿತ್ತು. ಅವಳು ಸೆರಗಿನಿಂದ ಬಾಯಿ ಮುಚ್ಚಿಕೊಂಡು ನನ್ನನ್ನೇ ನೋಡಿದಳು. ಈಗಲಾದರೂ ಹೇಳು ಎಂಬ ನೋಟ. ಹೇಳಿದ್ದರೆ ಆ ಮನುಷ್ಯ ಅವಳನ್ನು ಕುರ್ಚಿಯ ಮೇಲೆ ಕೂರಿಸಿ ಕೇಳುತ್ತಿದ್ದ ಎಂದು ಇಂದಿಗೂ ನಂಬುತ್ತೇನೆ. ಆದರೆ ಹೇಳಿದರೆ ನಾನು ಸುಳ್ಳ ಎಂದಾಗುತ್ತಿತ್ತು. ಬಾಯಿ ಬಿಡಲಿಲ್ಲ. ಅವರೂ ಬಾಗಿಲ ಕಡೆ ಒಮ್ಮೆ ತಿರುಗಿ, ಅಮ್ಮಾ ನಿಮಗೆ ಏನಾದರೂ ಗೊತ್ತೇ ಎಂದು ಕೇಳಲಿಲ್ಲ. ಇಡೀ ಹೊಳೆಯ ಮೀನನ್ನು ಕೊಯ್ದ ಹೆಂಗಸು ಅವರಿಗೆ ಬುಟ್ಟಿ ಹೊರುವವಳು!

ದಾರಿಯಲ್ಲಿ ಅವ್ವ ಕೇಳಿದಳು. "ಟಗರ ಎಲ್ಲಿಂದ ಬಂತೋ?"

"ತವರ ಅಂದ್ರ ನಗ್ತಾರ."

"ನಗೋರು ಎಂದರ ಮೀನ ಕೊಯ್ದಾರೇನು?" ಎಂದಳು. ಸ್ವಲ್ಪ ದೂರ ನಡೆದ ಮೇಲೆ, "ನಮ್ಮೂರಂತೂ ಹೋತು. ಒಂದು ಮಾತರ ಇರತಿತ್ತು," ಎಂದಳು.

ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. ಅಂದಿನಿಂದ ನನ್ನ ಕಣ್ಣು ಕಟ್ಟಿ ಆಟ ಆಡಿಸಲಿಲ್ಲ. ಆ ಮೀನು ಮನೆಗೆ ಬಂದರೆ ಅವಳೂ ಊರ ಮಂದಿಯ ಹಾಗೆ ಹಾವಮೀನ ಎನ್ನತೊಡಗಿದಳು. ಸಂಶೋಧಕರು ಚಳಿಗಾಲ ಮುಗಿಯುತ್ತಲೇ ಭರಣಿಗಳನ್ನು ಹುಲ್ಲಿನಲ್ಲಿ ಸುತ್ತಿ ಜೀಪಿಗೆ ಹೇರಿಕೊಂಡು ಹೋದರು. ನಾನು ಅದೇ ವರ್ಷ ಶಾಲೆ ಬಿಟ್ಟೆ.

ಇದಾಗಿ ಎಷ್ಟೋ ವರ್ಷ. ಈಗ ಯಾದಗಿರಿಯಲ್ಲಿ ಸ್ಟೇಷನ್ನಿನ ಹತ್ತಿರ ನನ್ನದೇ ಮೀನಿನ ಅಂಗಡಿ. ಯಾರ ಹಂಗೂ ಇಲ್ಲದೆ ಕಟ್ಟಿದ್ದು. ಸಮುದ್ರದ ಮೀನೇ ಬರ್ಫದ ಪೆಟ್ಟಿಗೆಯಲ್ಲಿ ನನ್ನ ಬಾಗಿಲಿಗೆ ಬರುತ್ತದೆ: ಬಂಗುಡೆ, ಪಾಂಫ್ರೆಟ್, ಅಂಜಲ್. ಒಂದರ ಹೆಸರಿನಲ್ಲಿ ಇನ್ನೊಂದನ್ನು ಸೇರಿಸಿ ಕಳಿಸಿದರೆ ಕಣ್ಣು ಮುಚ್ಚಿ ಕೈಯಲ್ಲೇ ಗುರುತು ಹಿಡಿದು ಹೇಳುತ್ತೇನೆ. ಡಿಗ್ರಿ ಇದ್ದವರು ಬಂದು ನಿಂತು ನೋಡಲಿ.

ಹೋದ ತಿಂಗಳು ಕಾಲೇಜಿನ ಹುಡುಗಿಯೊಬ್ಬಳು ಒಂದು ದಪ್ಪ ಪುಸ್ತಕ ಎದೆಗೆ ಅವುಚಿಕೊಂಡು ಬಂದಳು. "ಕಾಕಾ, ನಿಮ್ಮ ಹಂತೇಲಿ ಟಗರು ಮೀನ ಸಿಗತದೇನ್ರಿ?"

ನನ್ನ ಕೈಯಲ್ಲಿದ್ದ ಕತ್ತಿ ನಿಂತಿತು. ಪುಸ್ತಕ ಕಸಿದು ಓದಿದೆ. ಓದು ಕಡಿಮೆ, ಆದರೆ ನನ್ನ ಸುಳ್ಳನ್ನು ನಾನು ಓದಬಲ್ಲೆ. 'ಇದರ ತಲೆಯ ಆಕಾರದಿಂದಾಗಿ ಸ್ಥಳೀಯರು ಇದನ್ನು ಟಗರು ಮೀನು ಎನ್ನುತ್ತಾರೆ. ಇದು ಸಮುದ್ರದಿಂದ ಬರುವ ಮೀನೆಂಬ ಅರಿವು ಸ್ಥಳೀಯರಿಗೆ ಇಲ್ಲ.'

ಸ್ಥಳೀಯರು! ಯಾವ ಸ್ಥಳೀಯರು? ಒಬ್ಬ ಹೆದರಿದ ಹುಡುಗ. ಅವನನ್ನು ಹೆದರಿಸಿದ ಒಬ್ಬ ಮಾಸ್ತರ. ಬಾಗಿಲ ಬಳಿ ನಿಂತವಳನ್ನು ಕೇಳದ ಒಬ್ಬ ಪಂಡಿತ. ನಾವು ಮೂವರು ಸೇರಿ ಒಂದು ನಾಡಿಗೇ ಅರಿವಿಲ್ಲ ಎಂದು ಅಚ್ಚು ಹಾಕಿಸಿದ್ದೇವೆ.

ಹುಡುಗಿಗೆ ಎಲ್ಲ ಹೇಳಿದೆ. ಗಿರಾಕಿಗಳು ಕಾಯುತ್ತಿದ್ದರು, ಕಾಯಲಿ ಎಂದೆ. ಅವಳು ನಗಲಿಲ್ಲ, ಅಷ್ಟರ ಮಟ್ಟಿಗೆ ಒಳ್ಳೆಯವಳು. "ಖರೇ ಇರಬಹುದ್ರಿ ಕಾಕಾ. ಆದ್ರ ನಾ ಬರೀಬೇಕಂದ್ರ ಅದಕ್ಕ ಆಧಾರ ಬೇಕಲ್ರಿ. ಇನ್ನ ಯಾರರ ಆ ಹೆಸರು ಹೇಳೋರು ಅದಾರೇನ್ರಿ?"

ಯಾರಿದ್ದಾರೆ? ಅವ್ವ ಹೋದಳು. ಅವಳ ಊರಿನವರು ನೀರು ಬಂದ ವರ್ಷವೇ ದಿಕ್ಕಿಗೊಬ್ಬರಾದರು. ಆ ಮೀನು ನಮ್ಮ ಮಡುಗಳಲ್ಲಿ ಕಂಡು ಎಷ್ಟು ವರ್ಷವಾಯಿತೋ, ಹೊಸ ನೀರಿಗೆ ಬಂಡೆ ಹತ್ತುವ ಮರಿಗಳನ್ನು ನಾನಂತೂ ಕಣ್ಣಾರೆ ಕಂಡೇ ಇಲ್ಲ. ಮೀನು ಇಲ್ಲ, ಊರು ಇಲ್ಲ, ಊರಿನ ಮಾತು ಆಡುವ ಬಾಯಿ ಇಲ್ಲ. ಇಲ್ಲದ್ದನ್ನೂ ನೋಡಬೇಕು ಎಂದಿದ್ದರಲ್ಲ ಆ ಸಂಶೋಧಕರು, ಬಂದು ನೋಡಲಿ.

ಅವಳ ಕೈಯಿಂದ ಪೆನ್ಸಿಲ್ ತೆಗೆದುಕೊಂಡು ಟಗರು ಎಂಬುದನ್ನು ಹೊಡೆದು ಹಾಕಿ, ಪಕ್ಕದಲ್ಲಿ ತವರ ಎಂದು ಒತ್ತಿ ಬರೆದೆ.

"ಅಯ್ಯ ಕಾಕಾ! ಲೈಬ್ರರಿ ಪುಸ್ತಕ ಅದರಿ!" ಎಂದು ಗಾಬರಿಯಾದಳು. ಮರುಕ್ಷಣವೇ ಸಮಾಧಾನ ಮಾಡಿಕೊಂಡಳು. "ಇರಲಿ ಬಿಡ್ರಿ. ಪೆನ್ಸಿಲ್ ಅಲ್ರಿ? ರಬ್ಬರ್ ಹಚ್ಚಿದ್ರ ಹೋಗತದ."

ಹೌದು, ಹೋಗುತ್ತದೆ. ಹೋಗದಿರುವುದು ಭರಣಿಯೊಳಗಿನದು.