ಅಳಿಯ ಬಾಯಿ ಬಿಡಲಿಲ್ಲ

"ಹಾಡುವವನಿಗೆ ಮಾತಾಡಲಿಕ್ಕೆ ಎಂತ ದಾಡಿ?"

ರಘುವಣ್ಣ ಹೀಗೆ ಗುಡುಗಿದಾಗ ನನ್ನ ಕೈಯ ನೀರುದೋಸೆ ಕೈಯಲ್ಲೇ ಉಳಿಯಿತು.

ಕಳೆದ ಭಾನುವಾರದ ಮಾತು. ಮುಂಬೈ ಹತ್ತಿರದ ಐರೋಲಿಯಲ್ಲಿ ನಮ್ಮ ಪಕ್ಕದ ಫ್ಲ್ಯಾಟಿನ ವಾರಿಜಕ್ಕನ ಮನೆಗೆ ಲಂಡನ್ನಿನ ಅಳಿಯ ಮೊದಲ ಸಲ ಬಂದಿದ್ದ. ಕೋಪರಿಯಲ್ಲಿ ಹೋಟೆಲ್ ನಡೆಸುವ ಅವರ ಅಣ್ಣ ರಘುವಣ್ಣನೂ ಹಾಜರ್. ಕೋಳಿಸಾರು, ಪಾಯಸ ಎಲ್ಲ ರೆಡಿ. ಅಳಿಯನ ಬಾಯಿ ಮಾತ್ರ ಬಂದ್!

ಅಳಿಯ ಮಾರ್ಟಿನ್ ಆಪೆರಾ ಗಾಯಕ, ಟೆನರ್. (ಆಪೆರಾ ಎಂದರೆ ಮಾತೆಲ್ಲ ಹಾಡೇ ಆಗಿರುವ ನಾಟಕ, ಟೆನರ್ ಎಂದರೆ ಗಂಡಸರಲ್ಲಿ ಎತ್ತರದ ದನಿ. ನನಗೂ ಈಚೆಗೇ ಗೊತ್ತಾದದ್ದು.) ರಾಜ, ಪ್ರೇಮಿ, ಕುಡುಕ, ಪಾದ್ರಿ, ಯಾವ ಪಾತ್ರ ಕೊಟ್ಟರೂ ಸೈ. ನಮ್ಮ ಯಕ್ಷಗಾನದಲ್ಲಿ ರಾಜವೇಷಕ್ಕೂ ಹಾಸ್ಯಕ್ಕೂ ಒದಗುವವರು ಇರುತ್ತಾರಲ್ಲ, ಹಾಗೆ. ಆದರೆ ಹೋದ ವರ್ಷ ಗಂಟಲಿನ ಆಪರೇಷನ್ ಆಯಿತು. ಆಮೇಲೆ ಯಾರೂ ಕರೆಯಲಿಲ್ಲ. ಅಂದು ಸಂಜೆ ಮುಂಬೈಯಲ್ಲಿ ಮೊದಲ ಕಾರ್ಯಕ್ರಮ. ದನಿ ಒಡೆದರೆ ಕೆರಿಯರ್ ಖತಂ. ಅದಕ್ಕೇ ಬೆಳಗಿನಿಂದ ಮೌನ.

ಮಗಳು ದೀಕ್ಷಾ ಇದನ್ನು ಅಮ್ಮನಿಗೆ ಹೇಳಿದ್ದಳು. ವಾರಿಜಕ್ಕ ನನ್ನ ಕಿವಿಯಲ್ಲಿ ಉಸುರಿದ್ದರು. ಅಣ್ಣನಿಗೆ? ಊಹೂಂ. ಹೊಸ ಅಳಿಯನಿಗೆ ಕಾಯಿಲೆ ಎಂದು ನೆಂಟರ ಮುಂದೆ ಹೇಳುವುದುಂಟೇ? (ಮರ್ಯಾದೆ ಪ್ರಶ್ನೆ ಸ್ವಾಮೀ!)

"ಊಟ ಹೇಗುಂಟು ಅಳಿಯಂದ್ರೇ?" ರಘುವಣ್ಣ ಮತ್ತೆ ಕೇಳಿದರು. ಇಂಗ್ಲಿಷಿನಲ್ಲೂ ಕೇಳಿದರು. ಮಾರ್ಟಿನ್ ಎದೆಗೆ ಕೈ ಇಟ್ಟು ನಕ್ಕ, ಅಷ್ಟೇ.

ರಘುವಣ್ಣ ತಟ್ಟೆ ಸರಿಸಿ ಎದ್ದರು. "ಇನ್ನು ಈ ಮನೆಯ ಮೆಟ್ಟಿಲು ಹತ್ತಿದರೆ ಕೇಳು, ವಾರಿಜಾ."

ಮಾರ್ಟಿನ್ ಗಾಬರಿಯಾಗಿ ಬಾಯಿ ತೆರೆದ. ದೀಕ್ಷಾ ಓಡಿ ಬಂದು ಅವನ ಬಾಯಿಗೆ ಕೈ ಅಡ್ಡ ಹಿಡಿದಳು. "ಮಾಮಾ, ಪ್ಲೀಸ್! ಉಸ್ಕೇ ಗಲೇ ಕಾ ಆಪರೇಷನ್ ಹುವಾ ಹೈ!" (ಗಂಟಲಿನ ಆಪರೇಷನ್ ಆಗಿದೆ ಅಂತ. ಗಾಬರಿಯಲ್ಲಿ ಬಾಯಿಗೆ ಬಂದದ್ದು ಹಿಂದಿಯೇ.) ಹುಡುಗಿ ಅಳುತ್ತಿದ್ದಳು. ಚಪ್ಪಲಿ ಮೆಟ್ಟಿದ್ದ ರಘುವಣ್ಣ ಅಲ್ಲೇ ನಿಂತುಬಿಟ್ಟರು.

"ಮೊದಲೇ ಹೇಳಬಾರದಾ ಮಾರಾಯ್ತಿ?"

ವಾರಿಜಕ್ಕ ನೆಲ ನೋಡಿದರು. ನಾನು ದೋಸೆ ನೋಡಿದೆ.

ಸಂಜೆ ಸಭಾಂಗಣದಲ್ಲಿ ರಘುವಣ್ಣ ನನ್ನ ಪಕ್ಕದಲ್ಲೇ ಕೂತಿದ್ದರು. ವೇದಿಕೆಯಲ್ಲಿ ಮೈಕ್ ಇಲ್ಲ, ಬರೀ ಗಂಟಲು. ಕೊನೆಯ ಹಾಡಿನಲ್ಲಿ ದನಿ ಏರುತ್ತಾ ಹೋಯಿತು. ಒಂದು ಕ್ಷಣ ನಡುಗಿತು. ರಘುವಣ್ಣ ನನ್ನ ಮೊಣಕೈ ಹಿಂಡಿದರು (ಇನ್ನೂ ನೋಯುತ್ತಿದೆ). ಆಮೇಲೆ ದನಿ ಗಟ್ಟಿಯಾಗಿ ಮೇಲೆ ಹೋಗಿ ಅಲ್ಲೇ ನೆಲೆಯಾಯಿತು. ಅಬ್ಬಾ, ಬದುಕಿದೆವು!

ಹೊರಗೆ ಬಂದ ಮಾರ್ಟಿನ್ ನೇರ ರಘುವಣ್ಣನ ಎದುರು ನಿಂತ. ದೀಕ್ಷಾ ಕಲಿಸಿಕೊಟ್ಟಿರಬೇಕು.

"ಊಟ ಲಾಯ್ಕಿತ್ತು, ಮಾವ."

ರಘುವಣ್ಣ ಅವನ ಭುಜ ಹಿಡಿದುಕೊಂಡರು. ಈಗ ಮಾತು ಹೊರಡದೇ ಹೋದದ್ದು ಅವರಿಗೆ.

ಬಾಯಿ ಮುಚ್ಚಿಕೊಂಡಿರಬೇಕಾದವನು ಮುಚ್ಚಿಕೊಂಡಿದ್ದ. ಬಾಯಿ ಬಿಡಬೇಕಾಗಿದ್ದ ನಮಗೆ ಎಂತ ದಾಡಿ?