ರಾಮದುರ್ಗದ ಲೈನು ಮತ್ತು ಸಾಹೇಬರ ವಿಚಾರಣೆ

ಎಪ್ಪತ್ತರ ದಶಕದಲ್ಲಿ ನಾನು ಸವದತ್ತಿಯಲ್ಲಿ ಟೆಲಿಫೋನ್ ಆಪರೇಟರ್ ಆಗಿದ್ದೆ. ಬೆಳಗ್ಗೆ ಕೆಲಸಕ್ಕೆ ಕುಳಿತ ಕೂಡಲೇ ಸುತ್ತಲಿನ ಊರುಗಳ ಆಪರೇಟರುಗಳನ್ನು ಕರೆದು ಲೈನು ಸರಿಯಿದೆಯೇ ಎಂದು ಪರೀಕ್ಷಿಸಬೇಕಿತ್ತು. ಬೈಲಹೊಂಗಲ, ಕಿತ್ತೂರು ಲೈನುಗಳ ಪರೀಕ್ಷೆ ಚಿಟಿಕೆ ಹೊಡೆಯುವಷ್ಟರಲ್ಲಿ ಮುಗಿಯುತ್ತಿತ್ತು. ರಾಮದುರ್ಗದ್ದು ಮಾತ್ರ ಮುಗಿಯುತ್ತಲೇ ಇರಲಿಲ್ಲ. ಅಲ್ಲಿನ ಆಪರೇಟರ್ ಗಂಡಸು. ಲೈನು ಸರಿಯಿದೆ ಎಂದ ಮೇಲೂ "ಇವತ್ತ ಏನ್ ಪಲ್ಯಾರಿ?" ಎನ್ನುತ್ತಿದ್ದರು. ನಾನೇನು ಕಡಿಮೆಯವಳೇ? ಒಗ್ಗರಣೆಯಿಂದಲೇ ಶುರು ಮಾಡುತ್ತಿದ್ದೆ.

ನಾವು ಒಬ್ಬರನ್ನೊಬ್ಬರು ನೋಡಿರಲಿಲ್ಲ. ನನಗೆ ಅದೇ ಹಿತವಾಗಿತ್ತು. ನನ್ನ ಮುಖದ ತುಂಬ ಸಿಡುಬಿನ ಕಲೆ. ಕನ್ಯೆ ನೋಡಲು ಬಂದವರೆಲ್ಲ ಉಪ್ಪಿಟ್ಟು ಚೊಕ್ಕವಾಗಿ ತಿಂದು, ಕೈ ತೊಳೆದು ಹೋದವರು ಮತ್ತೆ ಸುದ್ದಿ ಕಳಿಸಿರಲಿಲ್ಲ. ಇವರೂ ಒಮ್ಮೆ ನೋಡಿದರೆ ಮುಗಿಯಿತು ಎಂಬ ಹೆದರಿಕೆ ನನಗೆ.

ಅಷ್ಟರಲ್ಲಿ, ನನ್ನ ಮೂಲಕವೇ ರಾಮದುರ್ಗಕ್ಕೆ ಫೋನು ಮಾಡಬೇಕಿದ್ದ ಯರಗಟ್ಟಿಯ ಹತ್ತಿ ವ್ಯಾಪಾರಿಯೊಬ್ಬ ಬೈಲಹೊಂಗಲಕ್ಕೆ ಹೋಗಿ ನಮ್ಮ ಸಾಹೇಬರ ಮುಂದೆ ಕೂಗಾಡಿದ: "ನನಗ ರಾಮದುರ್ಗ ಸಿಗವಲ್ದು. ಇವ್ರಿಬ್ರೂ ಲೈನಿನಾಗ ಸಂಸಾರ ಹೂಡ್ಯಾರ್ರಿ!" ಸಾಹೇಬರು ಇಬ್ಬರನ್ನೂ ಎದುರುಬದುರು ಕೂಡಿಸಿ ವಿಚಾರಿಸಲು ಕರೆಸಿದರು. ನೌಕರಿ ಹೋದರೆ ಹೋಗಲಿ, ಮುಖ ತೋರಿಸಬೇಕಲ್ಲ ಎಂದು ನನಗೆ ಸಂಕಟ.

ಒಬ್ಬಳನ್ನೇ ಕಳಿಸಬಾರದೆಂದು ಅಪ್ಪನ ತಮ್ಮ, ನಮ್ಮ ಕಾಕಾ, ಜೊತೆಗೆ ಬಂದರು, ಜರಿ ರುಮಾಲು ಸುತ್ತಿಕೊಂಡು. ಸಾಹೇಬರ ಕೋಣೆಯಲ್ಲಿ ರಾಮದುರ್ಗದವರು ಆಗಲೇ ಕುಳಿತಿದ್ದರು. ನಾನು ಸೆರಗನ್ನು ಗಲ್ಲದ ಮೇಲೆ ಎಳೆದುಕೊಂಡೆ. ಸಾಹೇಬರು ನನ್ನ ಹೆಸರು, ವಯಸ್ಸು, ತಂದೆಯ ಉದ್ಯೋಗ ಕೇಳಿದರು; ಎಲ್ಲಕ್ಕೂ ಕಾಕಾನೇ ಉತ್ತರ ಕೊಟ್ಟರು. ಆಫೀಸಿನ ಸಿಪಾಯಿ ಚಹಾ ತಂದಿಟ್ಟ. ಕಾಕಾ ಇಂಥ ಕೂಟಗಳನ್ನು ನಮ್ಮ ಮನೆಯಲ್ಲಿ ಬೇಕಾದಷ್ಟು ಕಂಡವರು. "ನಮ್ಮ ಹುಡುಗಿ ರೊಟ್ಟಿ ಭಾಳ ತೆಳ್ಳಗ ಬಡೀತಾಳ್ರಿ," ಎಂದುಬಿಟ್ಟರು.

ಸಾಹೇಬರು ಅವರನ್ನು ದುರುಗುಟ್ಟಿ ನೋಡಿ, ರಾಮದುರ್ಗದವರನ್ನು ಕೇಳಿದರು: "ದಿನಾ ನೀವು ಮಾತಾಡೂದು ಇವ್ರ ಕೂಡ ಏನು?"

"ಮಾರಿ ನೋಡಿಲ್ರಿ. ದನಿ ಕೇಳಿದ್ರ ಹೇಳತೇನಿ."

ಈಗ ಬಾಯಿ ಬಿಡಲೇಬೇಕಾಯಿತು. ಸೆರಗು ಸರಿಸಿ, "ಹೌದ್ರಿ, ನಾನ," ಎಂದೆ.

ಅವರು ನನ್ನ ಮುಖವನ್ನು ಸಾವಕಾಶವಾಗಿ ನೋಡಿದರು. ಆಮೇಲೆ ಸಾಹೇಬರ ಕಡೆ ತಿರುಗಿ, "ತಪ್ಪಾತ್ರಿ ಸಾಹೇಬ್ರ. ಇನ್ನಮ್ಯಾಲೆ ಲೈನಿನಾಗ ಮಾತಾಡೂದಿಲ್ಲ. ಇವ್ರ ಮನೀಗೇ ಹೋಗಿ ಮಾತಾಡತೇನಿ," ಎಂದರು.

ಸಾಹೇಬರು ಬಾಯಿ ತೆರೆಯುವ ಮೊದಲೇ ಕಾಕಾ ಎದ್ದು ನಿಂತರು: "ಐತವಾರ ಬರ್ರಿ. ಹಿರ್ಯಾರ್ನೂ ಕರಕೊಂಡು ಬರ್ರಿ."